ಘನವಸ್ತುವಿನ ಒಳಗಿಂದ ಬರುವ ಸುದ್ದಿ



ವಿದ್ಯಾರ್ಥಿಗಳೇ, ವಸ್ತುವಿಜ್ಞಾನದ ಈ ಪ್ರದರ್ಶನದಲ್ಲಿ ವಿಕಿರಣಶೀಲ ಐಸೋಟೋಪುಗಳಿಗೆಂದೇ ಒಂದು ವಿಭಾಗ ಮಾಡಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ತಂದದ್ದು ಅದು. ವಿಕಿರಣ ಎಂದೊಡನೆ ನಮ್ಮ ಜನ ಬಾಂಬನ್ನು ನೆನೆಯುತ್ತಾರೆ, ವಿದ್ಯುತ್ ಸ್ಥಾವರವನ್ನು ನೆನೆಯುತ್ತಾರೆ, ಹೆಚ್ಚೆಂದರೆ ಕ್ಯಾನ್ಸರ್ ಚಿಕಿತ್ಸೆಯನ್ನು. ಒಂದು ಲೋಹದ ತುಂಡಿನೊಳಗೆ, ಒಂದು ಹರಳಿನೊಳಗೆ ಏನು ನಡೆಯುತ್ತಿದೆ ಎಂದು ಅಲ್ಲಿಂದಲೇ ಸುದ್ದಿ ಕಳಿಸುವ ಪರಮಾಣುಗಳೂ ಇವೇ. ಆ ಮಾತು ನಮ್ಮ ಪಾಠಪುಸ್ತಕಗಳಲ್ಲಿ ಸಿಗುವುದು ಅಪರೂಪ. ಆದ್ದರಿಂದ ಇವತ್ತು ಅದನ್ನಷ್ಟೇ ಹೇಳುತ್ತೇನೆ.

1911ರ ಸುಮಾರಿಗೆ ಹಂಗೇರಿಯ ತರುಣ ಜಾರ್ಜ್ ಡಿ ಹೆವೆಶಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಪ್ರಯೋಗಾಲಯದಲ್ಲಿದ್ದರು. ಅಲ್ಲಿ ದಾಸ್ತಾನಿದ್ದ ಸೀಸದಲ್ಲಿ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತು ಬೆರೆತುಕೊಂಡಿತ್ತು. ಅದನ್ನು ಬೇರ್ಪಡಿಸಿಕೊಡು ಎಂದರು ರುದರ್‌ಫೋರ್ಡ್. ಹೆವೆಶಿ ಬಹುಕಾಲ ಹೆಣಗಿದರು, ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ರೇಡಿಯಂ-ಡಿ ಎಂದರೆ ಸೀಸವೇ, ಸೀಸ-210. ರಸಾಯನದ ಯಾವ ಉಪಾಯಕ್ಕೂ ಅದು ಬೇರೆಯಾಗಿ ಕಾಣದು. ಹೆವೆಶಿ ಅಲ್ಲಿಗೇ ಕೈಚೆಲ್ಲಲಿಲ್ಲ. ಬೇರ್ಪಡಿಸಲಾಗದು ಎಂದರೆ ಸೀಸ ಹೋದಲ್ಲೆಲ್ಲ ಇದೂ ಹೋಗಲೇಬೇಕು. ಹಾಗಾದರೆ ಸೀಸದ ಜಾಡು ಹಿಡಿಯಲು ಇದಕ್ಕಿಂತ ಒಳ್ಳೆಯ ಗುರುತು ಯಾವುದು? 1913ರಲ್ಲಿ ವಿಯೆನ್ನಾದಲ್ಲಿ ಫ್ರೀಡ್ರಿಷ್ ಪಾನೆತ್ ಜೊತೆ ಸೇರಿ ಅವರು ಈ ಯೋಚನೆಯನ್ನು ಕೆಲಸಕ್ಕೆ ಹಚ್ಚಿದರು. 1943ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಇದಕ್ಕೇ.

ಆಮೇಲೆ, 1920ರ ದಶಕದಲ್ಲಿ, ಅವರು ಕೇಳಿದ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಗಟ್ಟಿ ಸೀಸದ ತುಂಡಿನೊಳಗೆ ಸೀಸದ ಪರಮಾಣುಗಳು ಜಾಗ ಬದಲಿಸುತ್ತವೆಯೆ? ಬದಲಿಸಿದರೆ ಗೊತ್ತಾಗುವುದಾದರೂ ಹೇಗೆ? ಎಲ್ಲರೂ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಬಂದ ತೇರಿನ ಜನಸಂದಣಿಯಲ್ಲಿ ಯಾರು ಎಲ್ಲಿಗೆ ಸರಿದರೆಂದು ಹೇಳಲಾಗದು. ನಾಲ್ಕಾರು ಜನರ ತಲೆಗೆ ಕೆಂಪು ರುಮಾಲು ಕಟ್ಟಿದರೆ ಹೇಳಬಹುದು. ವಿಕಿರಣಶೀಲ ಸೀಸವೇ ಆ ರುಮಾಲು. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಲೋಹದ ಮೇಲ್ಮೈಗೆ ವಿಕಿರಣಶೀಲ ಪರಮಾಣುಗಳ ತೆಳು ಲೇಪ ಕೊಟ್ಟು, ಗೊತ್ತಾದ ಉಷ್ಣತೆಯಲ್ಲಿ ಗೊತ್ತಾದಷ್ಟು ಹೊತ್ತು ಕಾಯಿಸಿ, ಆಮೇಲೆ ಪದರ ಪದರವಾಗಿ ಹೆರೆದು ಒಂದೊಂದರ ವಿಕಿರಣವನ್ನೂ ಎಣಿಸುತ್ತಾರೆ. ಎಷ್ಟು ಆಳಕ್ಕೆ ಎಷ್ಟು ಇಳಿದಿವೆ ಎಂಬುದರಿಂದ ಅವುಗಳ ಓಡಾಟದ ವೇಗ ಸಿಗುತ್ತದೆ. ಬಹುತೇಕ ಲೋಹಗಳಲ್ಲಿ ಪರಮಾಣುಗಳು ಸಾಗುವುದು ಪಕ್ಕದಲ್ಲಿ ತೆರವಾದ ಜಾಗಕ್ಕೆ ಜಿಗಿಜಿಗಿದು. ಉಕ್ಕನ್ನು ಹದ ಮಾಡುವವರಿಗೂ ಚಿಪ್ ತಯಾರಿಸುವವರಿಗೂ ಈ ಲೆಕ್ಕವಿಲ್ಲದೆ ನಡೆಯದು.

ಇಲ್ಲಿಯವರೆಗೆ ಪರಮಾಣು ತಾನೆಲ್ಲಿದ್ದೇನೆ ಎಂದಷ್ಟೇ ಹೇಳಿತು. ನೆರೆಹೊರೆ ಹೇಗಿದೆ ಎಂದೂ ಅದರ ಬಾಯಿಂದ ಹೇಳಿಸಬಹುದು ಎಂದು ಗೊತ್ತಾದದ್ದು 1958ರಲ್ಲಿ, ಹೈಡೆಲ್‌ಬರ್ಗಿನಲ್ಲಿ. ಡಾಕ್ಟರೇಟಿಗಾಗಿ ದುಡಿಯುತ್ತಿದ್ದ ರುಡಾಲ್ಫ್ ಮಾಸ್‌ಬೌರ್ ಇರಿಡಿಯಂ-191ರ ಗಾಮಾ ಕಿರಣಗಳನ್ನು ಅಳೆಯುತ್ತಿದ್ದರು. ಗಾಮಾ ಕಿರಣ ಹೊರಡುವಾಗ ನ್ಯೂಕ್ಲಿಯಸ್ ಹಿಂದಕ್ಕೆ ಒದೆಸಿಕೊಳ್ಳುವುದರಿಂದ ಕಿರಣ ಸ್ವಲ್ಪ ಶಕ್ತಿ ಕಳೆದುಕೊಳ್ಳಬೇಕು. ಹರಳನ್ನು ತಣ್ಣಗಾಗಿಸಿದರೆ ಕಿರಣದ ಹೀರಿಕೆ ತಗ್ಗಬೇಕೆಂದು ಅವರ ಎಣಿಕೆ. ತಗ್ಗಲಿಲ್ಲ, ಏರಿತು. ಆ ಒದೆತವನ್ನು ಹರಳು ಇಡಿಯಾಗಿ ತನ್ನ ಮೇಲೆ ಹೊತ್ತುಕೊಳ್ಳುತ್ತಿತ್ತು. ಕಿರಣದ ಶಕ್ತಿ ಚೂರೂ ಸೋರದೆ ಹೊರಬರುತ್ತಿತ್ತು. ಬೇಡದ ಫಲಿತಾಂಶವೆಂದು ಆ ಅಂಕಿಗಳನ್ನು ಬದಿಗೆ ಸರಿಸದ ಅವರ ನಿಷ್ಠೆಯನ್ನು ಇಲ್ಲಿರುವ ಪ್ರತಿ ವಿದ್ಯಾರ್ಥಿಯೂ ಗಮನಿಸಬೇಕು. 1961ರಲ್ಲಿ, 32ರ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಬಂತು.

ಈ ವಿದ್ಯೆಗೆ ಒಗ್ಗಿದ್ದು ಕಬ್ಬಿಣ. ಕೋಬಾಲ್ಟ್-57 ಕ್ಷಯಿಸಿ ಕಬ್ಬಿಣ-57 ಆಗುವಾಗ ಹೊಮ್ಮುವ ಕಿರಣದ ಮೂಲವನ್ನು ಸೆಕೆಂಡಿಗೆ ಕೆಲವೇ ಮಿಲಿಮೀಟರ್ ವೇಗದಲ್ಲಿ ಆಚೀಚೆ ಸರಿಸಿದರೆ ಸಾಕು, ಎದುರಿನ ವಸ್ತುವಿನಲ್ಲಿರುವ ಕಬ್ಬಿಣ ಯಾವ ಖನಿಜದಲ್ಲಿದೆ, ಕಾಂತವಾಗಿದೆಯೆ, ಎಷ್ಟು ತುಕ್ಕಾಗಿದೆ ಎಂಬುದು ಬಯಲಾಗುತ್ತದೆ. 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರುಗಳ ತೋಳಿನಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ತಯಾರಾದ ಇಂಥ ಪುಟ್ಟ ಯಂತ್ರವಿತ್ತು. ಆಪರ್ಚುನಿಟಿ ಇಳಿದ ಮೆರಿಡಿಯಾನಿ ಬಯಲಿನ ಬಂಡೆಯಲ್ಲಿ ಅದು ಗುರುತಿಸಿದ್ದು ಜಾರೊಸೈಟ್ ಎಂಬ ಖನಿಜ. ನೀರಿಲ್ಲದೆ ಹುಟ್ಟದ ಖನಿಜ ಅದು. ಕೋಬಾಲ್ಟ್-57ರ ಅರ್ಧಾಯುಷ್ಯ ಸುಮಾರು 272 ದಿನ. ವರ್ಷಗಳು ಕಳೆದಂತೆ ಮೂಲ ಕ್ಷೀಣಿಸಿ ಒಂದೊಂದು ಅಳತೆಗೂ ಹೆಚ್ಚು ಹೆಚ್ಚು ಕಾಲ ಕಾಯಬೇಕಾಯಿತು. ಕಾದರು.

ಇನ್ನು ಈ ಸಭಾಂಗಣದ ದೀಪಗಳತ್ತ ನೋಡಿ. ಎಲ್‌ಇಡಿಯ ಬಿಳಿ ಬೆಳಕಿನ ಹಿಂದಿರುವುದು ಗ್ಯಾಲಿಯಂ ನೈಟ್ರೈಡ್. ಅದರಲ್ಲಿ ಒಂದು ಪದರಕ್ಕೆ ಮೆಗ್ನೀಸಿಯಂ ಬೆರೆಸಲೇಬೇಕು, ಆದರೆ ಬೆರೆಸಿದ ಮೆಗ್ನೀಸಿಯಂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಅದು ಹರಳಿನಲ್ಲಿ ಎಲ್ಲಿ ಕೂರುತ್ತದೆ? ಜಿನೀವಾ ಬಳಿಯ ಸರ್ನ್‌ನಲ್ಲಿ 1967ರಿಂದ ನಡೆಯುತ್ತಿರುವ ಐಸೋಲ್ಡೆ ಎಂಬ ಕೇಂದ್ರವಿದೆ. ಪ್ರೋಟಾನುಗಳನ್ನು ಗುರಿಗೆ ಬಡಿದು ಬೇಕಾದ ಐಸೋಟೋಪುಗಳನ್ನು ಆಗಿಂದಾಗ ಹುಟ್ಟಿಸಿ ಕೊಡುವ ಜಾಗ. ಅಲ್ಲಿ ಮೆಗ್ನೀಸಿಯಂ-27ನ್ನು ಈ ಹರಳಿಗೆ ತೂರಿಸಿದರು. ಅದರ ಅರ್ಧಾಯುಷ್ಯ ಒಂಬತ್ತೂವರೆ ನಿಮಿಷ. ಕ್ಷಯಿಸುವಾಗ ಹೊಮ್ಮುವ ಎಲೆಕ್ಟ್ರಾನುಗಳು ಪರಮಾಣುಗಳ ಸಾಲಿನ ಗುಂಟ ಹೊರಬಂದು ಬಿಡಿಸುವ ಚಿತ್ತಾರದಿಂದ ಅದು ಕೂತಿದ್ದ ಸ್ಥಾನ ತಿಳಿಯುತ್ತದೆ. ಬಹುಪಾಲು ಗ್ಯಾಲಿಯಂನ ಜಾಗದಲ್ಲಿತ್ತು, ಒಂದು ಪಾಲು ಮಾತ್ರ ಸಾಲುಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಆ ಸಂದಿಯ ಮೆಗ್ನೀಸಿಯಂ ದೀಪಕ್ಕೆ ಉಪಕಾರ ಮಾಡದು.

ಇಂಥ ಅಧ್ಯಯನಕ್ಕೆ ಬೇಕಾಗುವ ಐಸೋಟೋಪಿನ ಪ್ರಮಾಣ ತಕ್ಕಡಿಗೆ ಸಿಗದಷ್ಟು ಸ್ವಲ್ಪ. ಹಾಗೆಂದು ಎಚ್ಚರಿಕೆ ಬಿಡಬಾರದು. ಬೇಕಿಲ್ಲದ ಭಯವನ್ನು ಮಾತ್ರ ಬಿಡಬಹುದು.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಮಳಿಗೆಗಳಲ್ಲಿ ವಿದ್ಯಾರ್ಥಿಗಳು ನಿಂತಿದ್ದಾರೆ. ಬಂದಿರುವ ತಾಯಂದಿರು, ಹಿರಿಯರು, ಊರಿನ ಕಮ್ಮಾರರು, ಬೆಸುಗೆ ಕೆಲಸದವರು ಸಂಕೋಚ ಬಿಟ್ಟು ಅವರನ್ನು ಪ್ರಶ್ನೆ ಕೇಳಿ. ಲೋಹ ಕಾದಾಗ ನೀವು ಕಣ್ಣಾರೆ ಕಂಡದ್ದನ್ನು ಅವರಿಗೂ ಹೇಳಿ.