ಅಂತರ್ಜಾಲದ ಅಂಗಡಿ ಮತ್ತು ಪರಸ್ಪರ ನೆರವು: ಠಾಣೆಯಿಂದ ಕಲ್ಯಾಣದವರೆಗೆ



ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ವಸತಿ ಸಂಕೀರ್ಣಗಳಲ್ಲಿ ಅಡುಗೆಮನೆಯೇ ಅಂಗಡಿಯಾಗಿರುವ ಮನೆಗಳು ಈಗ ಅಪರೂಪವಲ್ಲ. ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ, ಹಲಸಿನ ಹಪ್ಪಳ, ಹಬ್ಬದ ದಿನಗಳಲ್ಲಿ ಹೋಳಿಗೆ: ಇಂಥವನ್ನು ಮಾಡಿ ಮೊಬೈಲಿನಲ್ಲಿ ಚಿತ್ರ ಹಾಕಿ ಮಾರುವ ಗೃಹಿಣಿಯರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಪಗಡಿ ಕೊಡಬೇಕಾಗಿಲ್ಲ, ಬಾಡಿಗೆ ಇಲ್ಲ, ಫಲಕ ಬರೆಸುವ ಖರ್ಚಿಲ್ಲ. ಅಂಗಡಿ ತೆರೆಯುವುದು ಇಷ್ಟು ಸುಲಭವಾದುದರಿಂದಲೇ ಅದನ್ನು ಉಳಿಸಿಕೊಳ್ಳುವುದು ಅಷ್ಟು ಕಷ್ಟವಾಗಿದೆ. ಸ್ಟೇಷನ್ ರಸ್ತೆಯ ಅಂಗಡಿಯ ಮುಂದೆ ಸಂಜೆಯ ಲೋಕಲ್‌ನಿಂದ ಇಳಿದ ಜನ ತಾವಾಗಿಯೇ ಹಾಯುತ್ತಾರೆ; ಮೊಬೈಲಿನ ಅಂಗಡಿಯ ಮುಂದೆ ಯಾರೂ ತಾವಾಗಿ ಹಾಯುವುದಿಲ್ಲ.

ಇದರ ಒಳಗುಟ್ಟು ಒಂದು ಸಣ್ಣ ತಾಂತ್ರಿಕ ಸಂಗತಿಯಲ್ಲಿದೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ಕಳುಹಿಸುವವರ ನಂಬರನ್ನು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಅಂದರೆ ಪರಿಚಯವಿಲ್ಲದ ಮನೆಗೆ ಈ ದಾರಿಯಿಂದ ಪ್ರವೇಶವೇ ಇಲ್ಲ. ಆ ಮನೆಯ ಪರಿಚಯವಿರುವ ಇನ್ನೊಬ್ಬರು ಹೇಳಿದಾಗಲೇ ಬಾಗಿಲು ತೆರೆಯುತ್ತದೆ. ಹೊಸ ಯಂತ್ರವಾದರೂ ಹಳೆಯ ಸಂತೆಯ ನಿಯಮವೇ ಇಲ್ಲಿ ನಡೆಯುತ್ತಿದೆ.

ಹಣ ಕೊಟ್ಟು ಜಾಹೀರಾತು ಹಾಕಿಸುವವರ ಸ್ಥಿತಿಯನ್ನೂ ನೋಡಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್‌ಗಳಲ್ಲಿ ಜಾಹೀರಾತಿನ ಜಾಗ ನಿಗದಿತ ದರಕ್ಕೆ ಸಿಗುವುದಿಲ್ಲ. ಪ್ರತಿ ಕ್ಷಣವೂ ಅಲ್ಲಿ ಹರಾಜು ನಡೆಯುತ್ತಿರುತ್ತದೆ. ಡೊಂಬಿವಲಿ ಪೂರ್ವದಲ್ಲಿ ನಾಲ್ವರು ಹೆಣ್ಣುಮಕ್ಕಳು ಚಟ್ನಿಪುಡಿ ಮಾಡುತ್ತಾರೆಂದು ಭಾವಿಸಿಕೊಳ್ಳಿ. ನಾಲ್ವರೂ ಅದೇ ಠಾಣೆ-ಕಲ್ಯಾಣದ ಗೃಹಿಣಿಯರಿಗೆ ತಮ್ಮ ಜಾಹೀರಾತು ಕಾಣಲೆಂದು ಹಣ ಕಟ್ಟಿದರೆ, ಪರಸ್ಪರರ ಹರಾಜನ್ನು ಅವರೇ ಏರಿಸಿದಂತಾಗುತ್ತದೆ. ಬೆಲೆ ಏರಿದ ಲಾಭ ಕಂಪನಿಗೆ. ಬಳಿಕ ಗಿರಾಕಿಯನ್ನು ಸೆಳೆಯಲು ಒಬ್ಬರು ಕಿಲೋಗೆ ಇಪ್ಪತ್ತು ರೂಪಾಯಿ ಇಳಿಸುತ್ತಾರೆ, ಇನ್ನೊಬ್ಬರು ಮೂವತ್ತು ಇಳಿಸುತ್ತಾರೆ. ವರ್ಷದ ಕೊನೆಗೆ ನಾಲ್ವರೂ ಸುಸ್ತಾಗಿ ಕೈಬಿಡುತ್ತಾರೆ. ಮನೆಯವರು "ಮೊದಲೇ ಹೇಳಿರಲಿಲ್ಲವೇ" ಎನ್ನುತ್ತಾರೆ. ಅದೇ ನಾಲ್ವರು ಕೂಡಿ ಒಂದೇ ಹೆಸರಿನಲ್ಲಿ ಒಂದೇ ಜಾಹೀರಾತು ಹಾಕಿದ್ದರೆ ಕನಿಷ್ಠ ತಮ್ಮ ವಿರುದ್ಧ ತಾವೇ ಕೂಗುವ ಸ್ಥಿತಿ ತಪ್ಪುತ್ತಿತ್ತು.

ಒಟ್ಟಾಗಿ ಮಾರುವ ವಿದ್ಯೆ ಈ ಮಹಾನಗರಕ್ಕೆ ಹೊಸದೇನೂ ಅಲ್ಲ. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕುಳಿತರು. ಮೊದಲ ದಿನ ಮಾಡಿದ್ದು ನಾಲ್ಕು ಪ್ಯಾಕೆಟ್ಟು. ಅದು ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಆಗಿ ಬೆಳೆದು, ಇಂದು ನಲವತ್ತು ಸಾವಿರಕ್ಕೂ ಹೆಚ್ಚು 'ಬೆಹನ್'ಗಳ ಸಂಸ್ಥೆಯಾಗಿದೆ. ಆ ಏಳ್ವರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಒಂದು ಉತ್ತಮ, ಒಂದು ಅಗ್ಗದ್ದು. ಮಾರ್ಗದರ್ಶಕರಾಗಿದ್ದ ಛಗನಲಾಲ್ ಕರಮ್ಸಿ ಪಾರೇಖ್ ಅವರು ಗುಣಮಟ್ಟದಲ್ಲಿ ರಾಜಿ ಬೇಡವೆಂದು ಸಲಹೆ ಕೊಟ್ಟರು. ಅಂದಿನಿಂದ ನಡೆದ ಪದ್ಧತಿ ಸರಳವಾದದ್ದು: ಹಿಟ್ಟು ಕಲಸುವುದು ಶಾಖೆಯಲ್ಲಿ, ಲಟ್ಟಿಸುವುದು ಅವರವರ ಮನೆಯಲ್ಲಿ; ಹಪ್ಪಳ ತಂದು ಒಪ್ಪಿಸಿದಾಗ ತೂಕ, ಪರೀಕ್ಷೆ, ಕೂಲಿ. ಸಾವಿರ ಮನೆಗಳಲ್ಲಿ ಲಟ್ಟಿಸಿದ ಹಪ್ಪಳಕ್ಕೆ ಒಂದೇ ರುಚಿ ಬಂದದ್ದು ಹಿಟ್ಟು ಒಂದೇ ಆಗಿದ್ದುದರಿಂದ. ಲಿಜ್ಜತ್‌ನ ಜಾಹೀರಾತಿನ ಮೊಲವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಈ ಹಿಟ್ಟಿನ ವಿಷಯವನ್ನು ಮರೆತಿದ್ದಾರೆ.

ಕನ್ನಡ ಕರಾವಳಿಯಿಂದ ಮುಂಬಯಿಗೆ ಬಂದ ಸಮುದಾಯಗಳೂ ಈ ಪಾಠವನ್ನು ಬೇಗನೆ ಕಲಿತವು. 1906ರಲ್ಲಿ ತಲ್ಮಕಿ ಶ್ರೀಪಾದ ಸುಬ್ಬರಾಯರು ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಭಾರತ್ ಬ್ಯಾಂಕನ್ನು ಆರಂಭಿಸಿತು. ಜೈನರಲ್ಲಿಯೂ ಮೇಲ್ಪಂಕ್ತಿಯಿದೆ: ಕನ್ನಡ-ಮರಾಠಿ ಜೈನರನ್ನು ಒಂದೇ ಚಾವಣಿಯಡಿ ತಂದ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದ್ದು 1899ರಲ್ಲಿ, ಅದರ ವಿದ್ಯಾರ್ಥಿನಿಲಯಗಳಲ್ಲಿ ಓದಿ ಮುಂದೆ ಬಂದವರ ಮೊಮ್ಮಕ್ಕಳು ಇಂದು ಐರೋಲಿಯಲ್ಲೂ ಖಾರಘರ್‌ನಲ್ಲೂ ಇದ್ದಾರು. ವಿದ್ಯೆಗಾಗಿ ಕೂಡಿದ ಸಮಾಜ ಸಣ್ಣ ವ್ಯಾಪಾರಕ್ಕಾಗಿ ಕೂಡಲು ಏಕೆ ಹಿಂಜರಿಯುತ್ತದೆ? ಪೂಜೆಯ ಸವಾಲಿನಲ್ಲಿ ಬಹಿರಂಗವಾಗಿ ಏರಿಸಿ ಕೂಗುವ ಹಿರಿಯರು, ಅದೇ ಬಸದಿಯ ಅಂಗಳದಲ್ಲಿ ಹಪ್ಪಳ ಮಾರಲು ಕುಳಿತ ವಿಧವೆಯೊಬ್ಬಳ ಮುಂದೆ ಹತ್ತು ರೂಪಾಯಿ ಕಡಿಮೆ ಮಾಡೆಂದು ಚೌಕಾಸಿ ಮಾಡುವುದು ಅಪರೂಪದ ದೃಶ್ಯವಲ್ಲ.

ಜೈನ ಅಡುಗೆಯ ವ್ಯಾಪಾರಕ್ಕೆ ಸಹಕಾರ ಬೇಕೇ ಬೇಕೆನ್ನಲು ಇನ್ನೊಂದು ಕಾರಣವಿದೆ. ಮಾರುಕಟ್ಟೆಯ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವೆಂದಷ್ಟೇ ಹೇಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಇದೆಯೋ ಇಲ್ಲವೋ ಅದರಿಂದ ತಿಳಿಯದು. 'ಜೈನ್' ಎಂಬ ಮುದ್ರೆಯನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಿದ್ದಾರೆ. ವ್ರತ ಹಿಡಿದವರ ಮನೆಯಲ್ಲಿ ಹಿಟ್ಟಿಗೂ ಮರ್ಯಾದೆಯಿದೆ: ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಆರು ತಿಂಗಳ ಅವಧಿ ಮುದ್ರಿಸಿ ಗೋದಾಮಿನಲ್ಲಿಡುವ ಯಾವ ದೊಡ್ಡ ಕಂಪನಿಯೂ ಈ ಮರ್ಯಾದೆಯನ್ನು ಪಾಲಿಸಲಾರದು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಬೆಳಿಗ್ಗೆ 7.20ರ ಲೋಕಲ್ ಹಿಡಿದು ಸೂರ್ಯಾಸ್ತದೊಳಗೆ ಮನೆ ಸೇರಲಾಗದ ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ಮೂರು ದಿನದೊಳಗೆ ಬೀಸಿದ ಹಿಟ್ಟಿನ ಚಪಾತಿಯನ್ನು ಯಾರು ಒದಗಿಸಬೇಕು? ಡೊಂಬಿವಲಿಯ ಪೋಳಿ-ಭಾಜಿ ಕೇಂದ್ರಗಳು ಮರಾಠಿ ನೌಕರವರ್ಗಕ್ಕೆ ಮಾಡುತ್ತಿರುವ ಉಪಕಾರವನ್ನು ಇಲ್ಲಿ ನೆರೆಯ ಅಡುಗೆಮನೆಯೇ ಮಾಡಬೇಕು. ಒಂದೇ ಅಡುಗೆಮನೆಗೆ ಅದು ಸಾಧ್ಯವಾಗದು. ಆರೇಳು ಮನೆಗಳು ಸರದಿಯ ಮೇಲೆ ಬೀಸಿ, ಬೀಸಿದ ದಿನಾಂಕವನ್ನು ಒಂದು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದರೆ ಸಾಧ್ಯ. ಗುಣಮಟ್ಟದ ಹೆಸರಿನಲ್ಲಿ ಬೇರೆ ವ್ಯಾಪಾರಿಗಳು ಜಾಹೀರಾತು ಕೊಡುವುದನ್ನು ಇಲ್ಲಿ ಒಂದು ದಿನಾಂಕವೇ ಹೇಳುತ್ತದೆ.

ಅಂಥ ನಂಬಿಕೆಯನ್ನು ಕೂಟವೊಂದು ಹೇಗೆ ಕಾಯಬೇಕೆಂಬುದಕ್ಕೆ ಸಮೀಪದ ಉದಾಹರಣೆ ಕೊಂಕಣದಲ್ಲಿದೆ. 2020ರ ಲಾಕ್‌ಡೌನ್ ವೇಳೆ ವಾಶಿಯ ಮಾರುಕಟ್ಟೆಯ ದಾರಿ ಕಟ್ಟಿದಂತಾದಾಗ ಹಾಪೂಸ್ ಬೆಳೆಗಾರರು ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳ ಮೂಲಕ ನೇರವಾಗಿ ಪೆಟ್ಟಿಗೆ ಮಾರಿದರು. ಮಾರಾಟ ಬೆಳೆದಂತೆ ನಕಲಿಯೂ ಬೆಳೆಯಿತು. ಬೇರೆ ಕಡೆಯ ಹಣ್ಣು, ಕರ್ನಾಟಕದ್ದೂ ಸೇರಿ, ದೇವಗಡದ ಹೆಸರಿನಲ್ಲಿ ಮಾರಾಟವಾಗತೊಡಗಿತು. 2018ರಲ್ಲೇ ಹಾಪೂಸ್‌ಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂದಿದ್ದರೂ ಕಾಗದದ ಮಾನ್ಯತೆ ಪೆಟ್ಟಿಗೆಯೊಳಗಿನ ಹಣ್ಣನ್ನು ಕಾಯಲಿಲ್ಲ. ಕೊನೆಗೆ ದೇವಗಡ ತಾಲೂಕಿನ ಮಾವು ಬೆಳೆಗಾರರ ಸಹಕಾರಿ ಸಂಸ್ಥೆಯು 2025ರ ಹಂಗಾಮಿನಲ್ಲಿ ಪ್ರತಿ ಹಣ್ಣಿಗೂ ಸಂಕೇತಸಂಖ್ಯೆಯ ಸ್ಟಿಕ್ಕರ್ ಅಂಟಿಸುವ ಪದ್ಧತಿ ತಂದಿತು. ಗಿರಾಕಿ ಅದರ ಚಿತ್ರ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸಿ ಹಣ್ಣು ಅಸಲಿಯೇ ಎಂದು ಪರೀಕ್ಷಿಸಬಹುದು. ಇದರಲ್ಲಿ ಗಮನಿಸಬೇಕಾದ ಅಂಶ ಸ್ಟಿಕ್ಕರ್‌ಗಿಂತ ಸ್ಟಿಕ್ಕರ್‌ನ ಲೆಕ್ಕ. ಬೆಳೆಗಾರನ ಮರಗಳೆಷ್ಟೋ ಅದಕ್ಕೆ ತಕ್ಕಷ್ಟೇ ಸ್ಟಿಕ್ಕರ್ ಸಿಗುತ್ತದೆ. ಸದಸ್ಯನೇ ಹೊರಗಿನ ಹಣ್ಣು ತಂದು ತನ್ನ ಹೆಸರಿನಲ್ಲಿ ಮಾರುವ ಆಸೆಗೆ ಬೀಳಬಾರದೆಂಬ ಎಚ್ಚರ ಅದು. ಪರಸ್ಪರ ನೆರವೆಂದರೆ ಪರಸ್ಪರ ಕಾವಲೂ ಹೌದೆಂಬುದನ್ನು ಆ ಬೆಳೆಗಾರರು ಒಪ್ಪಿಕೊಂಡರು.

ಇಂಥ ಕೂಟ ಠಾಣೆ ಜಿಲ್ಲೆಯಲ್ಲಿ ಕಟ್ಟಲು ದೊಡ್ಡ ಬಂಡವಾಳ ಬೇಕಿಲ್ಲ. ವಾಶಿಯ ಎಪಿಎಂಸಿಯ ಮಸಾಲಾ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಹಿಂಗು, ಜೀರಿಗೆಯನ್ನು ಒಬ್ಬರು ಹೋಗಿ ಎಲ್ಲರ ಪರವಾಗಿ ಸಗಟು ದರದಲ್ಲಿ ತರಬಹುದು. ಚಿತ್ರ ತೆಗೆಯಲು ಬಲ್ಲ ಕಾಲೇಜು ಹುಡುಗಿಯೊಬ್ಬಳು ಎಲ್ಲರ ಪದಾರ್ಥಗಳ ಚಿತ್ರ ತೆಗೆದು ಒಂದೇ ಕ್ಯಾಟಲಾಗ್ ಮಾಡಬಹುದು. ಆಕೆಗೂ ಸಂಭಾವನೆ ಸಲ್ಲಬೇಕು, "ಮನೆಯ ಹುಡುಗಿಯಲ್ಲವೇ" ಎಂಬ ಮಾತು ಬೇಡ. ಹಪ್ಪಳದವಳ ಬಳಿ ಚಟ್ನಿ ಕೇಳಿದ ಗಿರಾಕಿಯನ್ನು ಚಟ್ನಿಯವಳಿಗೆ ಕಳುಹಿಸುವುದಕ್ಕೆ ಖರ್ಚೇ ಇಲ್ಲ. ಆಹಾರ ಮಾರುವ ಪ್ರತಿ ಅಡುಗೆಮನೆಯೂ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆ ಪಡೆಯಬೇಕು. ಒಬ್ಬರು ಒಮ್ಮೆ ಅರ್ಜಿ ತುಂಬಿ ಕಲಿತರೆ ಉಳಿದವರಿಗೆ ಏಜೆಂಟರ ಹಂಗಿಲ್ಲ. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು 40 ಲಕ್ಷ ಮೀರದ ಸರಕು ವ್ಯಾಪಾರಿಗಳು ರಾಜ್ಯದ ಒಳಗಷ್ಟೇ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವುದಾದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಎನ್‌ರೋಲ್‌ಮೆಂಟ್ ಸಂಖ್ಯೆ ಸಾಕು. ಆ ವೇದಿಕೆಗಳಲ್ಲಿ ಬೆಳಗಾವಿಗೂ ಹುಬ್ಬಳ್ಳಿಗೂ ಮಾರಹೊರಟರೆ ಈ ವಿನಾಯಿತಿ ಒದಗದು. ಗಡಿಯ ಎರಡೂ ಬದಿ ನೆಂಟರಿರುವ ಕುಟುಂಬಗಳಿಗೆ ಇದು ವಿಚಿತ್ರವಾಗಿ ಕಂಡರೂ ನಿಯಮ ನಿಯಮವೇ.

ಸರಕಾರದ ನೀತಿಯ ಬಗೆಗೂ ಒಂದು ಮಾತು ಹೇಳಲೇಬೇಕು. 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ಮೇಲೂ 2022ರ ಏಪ್ರಿಲ್‌ನಲ್ಲಿ ಜೊಮ್ಯಾಟೊ, ಸ್ವಿಗ್ಗಿಗಳ ಮೇಲೂ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ಎರಡೂ ಸಲ ದೂರು ಕೊಂಡೊಯ್ದದ್ದು ಒಂಟಿ ಅಂಗಡಿಯವನಲ್ಲ. ವ್ಯಾಪಾರಿಗಳ ಮತ್ತು ಹೋಟೆಲುಗಳ ಸಂಘಗಳು. ಮಾರುವವರ ಆ್ಯಪ್ ಬೇರೆ, ಕೊಳ್ಳುವವರ ಆ್ಯಪ್ ಬೇರೆಯಾಗಿದ್ದರೂ ಒಬ್ಬರಿಗೊಬ್ಬರು ಸಿಗುವಂಥ ಒಎನ್‌ಡಿಸಿ ಎಂಬ ಜಾಲವನ್ನು 2022ರಲ್ಲಿ ಬೆಂಗಳೂರೂ ಸೇರಿದಂತೆ ಐದು ಪ್ರದೇಶಗಳಲ್ಲಿ ಪ್ರಯೋಗಕ್ಕೆ ತರಲಾಯಿತು. ಉದ್ದೇಶ ಒಳ್ಳೆಯದು. ಆದರೆ ರಸ್ತೆ ಹಾಕಿದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಮನೆಯಿಂದ ಮಾರುವವಳಿಗೆ ಕ್ಯಾಟಲಾಗ್ ತುಂಬುವ ನೆರವು, ಮಾಲು ಹೊತ್ತೊಯ್ಯುವ ವ್ಯವಸ್ಥೆ ಎರಡೂ ಬೇಕು. ಚುನಾವಣೆಯ ಮುನ್ನ ಮಹಿಳೆಯರ ಖಾತೆಗೆ ಹಣ ಹಾಕುವ ಯೋಜನೆಗಳಿಗೆ ತೋರುವ ಉತ್ಸಾಹವನ್ನು ಅವರ ದುಡಿಮೆಗೆ ಮಾರುಕಟ್ಟೆ ಒದಗಿಸುವುದರಲ್ಲಿ ಯಾವ ಪಕ್ಷವೂ ತೋರಿಲ್ಲ.

ಇನ್ನು ನೆರವಿನ ಹೆಸರಿನಲ್ಲಿ ನುಸುಳುವ ಎರಡು ಕೇಡುಗಳು.

ಮೊದಲನೆಯದು ಸುಳ್ಳು ಹೊಗಳಿಕೆ. "ನನ್ನದಕ್ಕೆ ನೀನು ಐದು ನಕ್ಷತ್ರ ಕೊಡು, ನಿನ್ನದಕ್ಕೆ ನಾನು ಕೊಡುತ್ತೇನೆ" ಎಂಬುದನ್ನು ಅನೇಕರು ಸಹಕಾರವೆಂದೇ ತಿಳಿದಿದ್ದಾರೆ. ಮಾರಾಟಗಾರರು ಗ್ರಾಹಕರ ವೇಷದಲ್ಲಿ ವಿಮರ್ಶೆ ಬರೆಯುವುದನ್ನು 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳು ನಿಷೇಧಿಸಿವೆ. ಕಾನೂನು ಬರುವುದಕ್ಕೆ ಶತಮಾನಗಳ ಮೊದಲೇ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ತೂಕ-ಅಳತೆಯ ಮೋಸವನ್ನೂ ನಕಲಿ ಮಾಲಿನ ವ್ಯವಹಾರವನ್ನೂ ಅಚೌರ್ಯದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ತಿಂದು ನೋಡದ ಚಟ್ನಿಗೆ ಬರೆದ ಪ್ರಶಂಸೆ ಕೂಟಲೇಖವಲ್ಲದೆ ಮತ್ತೇನು? ಖಾರ ಹೆಚ್ಚಾಗಿದ್ದರೆ ಗೆಳತಿಗೆ ಖಾಸಗಿಯಾಗಿ ಹೇಳುವುದು ನಿಜವಾದ ನೆರವು.

ಎರಡನೆಯದು ಇನ್ನೂ ಅಪಾಯದ್ದು. "ನಮ್ಮವರಿಂದಲೇ ಕೊಳ್ಳಿ" ಎಂಬ ಮಾತು "ಅವರಿಂದ ಕೊಳ್ಳಬೇಡಿ" ಎಂದಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅಂತರ್ಜಾಲದಲ್ಲಿ ಈ ಬಗೆಯ ಬಹಿಷ್ಕಾರದ ಕರೆಗಳು ಬರುತ್ತಲೇ ಇರುತ್ತವೆ. ಬೆರಳೆಣಿಕೆಯ ಜನಸಂಖ್ಯೆಯ ಸಮಾಜವೊಂದು ಇಂಥ ಕರೆಗೆ ಕೈಜೋಡಿಸುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು. ಚಟ್ನಿಪುಡಿ ಕೊಳ್ಳುವವರಲ್ಲಿ ಹೆಚ್ಚಿನವರು ಇತರ ಸಮಾಜದವರೇ. ಅಯ್ಯಾವೊಳೆ ಐನೂರ್ವರ ಕೂಟದಲ್ಲಿ ನಾನಾ ದೇಶಗಳ ವರ್ತಕರಿದ್ದರು. 1088ರ ತಮಿಳು ಶಾಸನವೊಂದು ಆ ಕೂಟವನ್ನು ದೂರದ ಸುಮಾತ್ರಾದಲ್ಲಿ ಹೆಸರಿಸುತ್ತದೆ. 1204ರ ಬೆಳಗಾವಿಯ ಶಾಸನ ರಟ್ಟರ ಕಾಲದ ಜಿನಾಲಯಕ್ಕೆ ವರ್ತಕರು ಬಿಟ್ಟ ಸುಂಕಗಳನ್ನು ಪಟ್ಟಿ ಮಾಡುತ್ತದೆ. ಹಾಗೆ ಕೊಟ್ಟವರಲ್ಲಿ ಗುಜರಾತಿನ ಲಾಳರೂ ಮಲೆಯಾಳದವರೂ ಇದ್ದರು. ಬಸದಿಯ ದೀಪಕ್ಕೆ ಎಣ್ಣೆ ಕೊಟ್ಟವರು ಯಾವ ಮತದವರೆಂದು ಆ ಶಾಸನ ವಿಂಗಡಿಸಲು ಹೋಗಿಲ್ಲ.

ಕೊನೆಯದಾಗಿ ಹಣದ ವಿಷಯ. ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಹೆಸರು ಹೆಂಡತಿಯದು, ಯುಪಿಐ ಸಂಖ್ಯೆ ಗಂಡನದು. ಇದು ಅನೇಕ ಮನೆಗಳ ರೂಢಿ. ತಿಂಗಳ ಕೊನೆಗೆ ಆಕೆ ಎಷ್ಟು ಗಳಿಸಿದಳೆಂದು ಆಕೆಗೇ ತಿಳಿಯದು. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳಿದರೆ ತೋರಿಸಲು ಆಕೆಯ ಹೆಸರಿನ ವಹಿವಾಟೇ ಇರದು. ಕೂಟ ಕಟ್ಟುವವರು ಮೊದಲ ಸಭೆಯಲ್ಲೇ ಇದನ್ನು ಇತ್ಯರ್ಥಮಾಡಬೇಕು: ಸದಸ್ಯೆಯ ಹಣ ಸದಸ್ಯೆಯ ಹೆಸರಿನ ಖಾತೆಗೇ ಜಮೆಯಾಗಬೇಕು, ಕೂಟದ ಲೆಕ್ಕದ ಪುಸ್ತಕ ಯಾವ ಸದಸ್ಯೆ ಕೇಳಿದರೂ ಆ ದಿನವೇ ತೆರೆದು ತೋರಿಸುವಂತಿರಬೇಕು. ಇದಕ್ಕೆ ಒಪ್ಪದ ಮನೆಯವರೊಡನೆ ಮಾತಾಡುವ ಹೊಣೆ ಸಮಾಜದ ಹಿರಿಯರದು. ಆ ಸೊಸೆಯೊಬ್ಬಳ ಮೇಲೆ ಅದನ್ನು ಹೊರಿಸಬಾರದು.