ಕಣ್ಣು ಮಂಜಾದವರ ಮನಸ್ಸನ್ನೂ ಕೇಳೋಣ



ಔರಾದ ಕಡೆಯ ಒಂದು ಮನೆ. ಅಲ್ಲಿ ಒಬ್ಬ ವಯಸ್ಸಾದ ಅತ್ತೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಮಂಜಾಗಿವೆ. ಕನ್ನಡಕ ಹಾಕಿದರೂ ಎದುರಿಗಿದ್ದವರ ಮುಖ ತಿಳಿಯುವುದಿಲ್ಲ. ಮೊದಲು ಮನೆಯ ಉದ್ದು, ತೊಗರಿ ಎಲ್ಲ ಹಸನು ಮಾಡುತ್ತಿದ್ದವರು ಅವರೇ. ಈಗ ಮೂಲೆ ಹಿಡಿದು ಕೂತಿದ್ದಾರೆ. ರೊಟ್ಟಿ ಅರ್ಧಕ್ಕೇ ಬಿಡುತ್ತಾರೆ. ರಾತ್ರಿ ನಿದ್ದೆ ಇಲ್ಲ.

"ಕಣ್ಣೇ ಕಾಣಲ್ಲ, ಪಾಪ, ಏನ್ ಮಾಡ್ಯಾರು?" ಅಂದರು ಸೊಸೆ. ನಾವೂ ಹಾಗೇ ಅಂದುಕೊಂಡೆವು.

ಆದರೆ ನೋಡಿ. ಕಣ್ಣು ಕಾಣದೆ ಉದ್ದು ಆರಿಸುವುದು ಬಿಟ್ಟಿರಬಹುದು. ರೊಟ್ಟಿ ಯಾಕೆ ಬಿಟ್ಟರು? ಮೊಮ್ಮಗ ತೊಡೆ ಮೇಲೆ ಬಂದು ಕೂತರೂ ಮಾತಿಲ್ಲ, ಯಾಕೆ? ಎಲ್ಲಾ ಕಣ್ಣಿನ ಮೇಲೆ ಹಾಕಿದರೆ ಮನಸ್ಸಿನ ಕಾಯಿಲೆ ಅದರ ಹಿಂದೆ ಅಡಗಿಬಿಡುತ್ತದೆ. ಅದರ ಹೆಸರು ಖಿನ್ನತೆ. ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಇದು ನಮ್ಮ ಬೀದರ ಜಿಲ್ಲೆಯ ಮಾತು ಮಾತ್ರ ಅಲ್ಲ. ಬ್ರಿಟನ್ ದೇಶದಲ್ಲಿ ಮಂದದೃಷ್ಟಿಯ 1008 ಜನರನ್ನು ಕೇಳಿ ನೋಡಿದರು. ನೂರರಲ್ಲಿ 43 ಜನಕ್ಕೆ ಖಿನ್ನತೆಯ ಲಕ್ಷಣ ಕಂಡಿತು. ಅಂಥ ನಾಲ್ವರಲ್ಲಿ ಮೂವರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. 2016ರಲ್ಲಿ ಈ ವಿಷಯ ಪ್ರಕಟವಾಯಿತು. ಅಷ್ಟು ಆಸ್ಪತ್ರೆ ಇರುವ ದೇಶದಲ್ಲೇ ಹೀಗೆ!

ಡಾಕ್ಟರು ಮೊದಲು ಎರಡು ಪ್ರಶ್ನೆ ಕೇಳುವುದುಂಟು. ಕಳೆದ ಎರಡು ವಾರದಲ್ಲಿ,

ಯಾವ ಕೆಲಸದಲ್ಲೂ ಆಸೆ, ಖುಷಿ ಇಲ್ಲ ಅನಿಸಿತೆ?

ಮನಸ್ಸು ಕುಗ್ಗಿ, ಮುಂದೆ ಏನೂ ಇಲ್ಲ ಅನಿಸಿತೆ?

ಇಲ್ಲವೇ ಇಲ್ಲ ಅಂದರೆ 0. ಕೆಲವು ದಿನ ಅಂದರೆ 1. ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2. ಹೆಚ್ಚುಕಡಿಮೆ ದಿನಾಲೂ ಅಂದರೆ 3. ಎರಡೂ ಕೂಡಿಸಿ 3 ಅಥವಾ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಬೇಕು. ಖಿನ್ನತೆ ಹೌದೋ ಅಲ್ಲವೋ ಹೇಳುವವರು ಅವರೇ, ನಾವಲ್ಲ.

ಈ ಪ್ರಶ್ನೆಯ ಕಾಗದವನ್ನು ಕಣ್ಣು ಮಂಜಾದವರ ಕೈಗೆ ಕೊಟ್ಟರೆ ಏನು ಉಪಯೋಗ? ಯಾರಾದರೂ ಓದಿ ಹೇಳಬೇಕು. ಈಗ ನೀವು ಓದಬಲ್ಲಿರಿ. ನಿಧಾನವಾಗಿ ಓದಿ. ಮನೆಯಲ್ಲಿ ಮರಾಠಿ, ಉರ್ದು ಆಡುವವರಿದ್ದರೆ ಅವರ ಮಾತಿನಲ್ಲೇ ಹೇಳಿ.

ಒಂದು ತಪ್ಪು ನಾವೇ ಮಾಡಿದೆವು. ಮಗ, ಸೊಸೆ, ನೆರೆಯವರು ಎಲ್ಲರ ಮುಂದೆ ಕೇಳಿದೆವು. "ನನಗೇನಾಗ್ಯಾದ? ಆರಾಮ ಅದೀನಿ" ಅಂದರು ಅತ್ತೆ. ಮರುದಿನ ಒಬ್ಬರೇ ಇದ್ದಾಗ ಪಕ್ಕದಲ್ಲಿ ಕೂತೆವು. ಯಾರು ಬಂದಿದ್ದೇವೆ ಅಂತ ಹೆಸರು ಹೇಳಿದೆವು, ಕೈ ಹಿಡಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಣ್ಣಿದ್ದಾಗ ಈ ಮನಿ ನನ್ನದಿತ್ತು" ಅಂದರು. ಲೆಕ್ಕ 5 ಬಂತು.

"ಸತ್ತರೆ ಚೆಂದ" ಅಂತ ಯಾರಾದರೂ ಅಂದರೆ ಲೆಕ್ಕ ಹಾಕುತ್ತ ಕೂರಬೇಡಿ. ಬೈಯಬೇಡಿ. ಒಬ್ಬರನ್ನೇ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೇಡ.

ಭಾಲ್ಕಿ, ಔರಾದ ತಾಲ್ಲೂಕು ಆಸ್ಪತ್ರೆಗಳಿಗೆ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೀದರ ನಗರದಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ. ಕಣ್ಣನ್ನೂ ತೋರಿಸಿ. ಬರೀ ಪೊರೆ ಬಂದಿದ್ದರೆ ಆಪರೇಷನ್ನಿನಿಂದ ದೃಷ್ಟಿ ಮರಳಬಹುದು.

ಆ ಅತ್ತೆಯ ಚಿಕಿತ್ಸೆ ನಡೆದಿದೆ. ಕಣ್ಣು ಹಾಗೇ ಇದೆ. ಸೊಸೆ ಈಗ ಬಾಗಿಲ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕರಿ ಉದ್ದು ಸುರಿದು ಕೊಡುತ್ತಾರೆ. ಕಪ್ಪು ಬಿಳುಪು ಬೇರೆ ಬೇರೆ ಕಾಣುತ್ತದೆ. ಉಳಿದದ್ದು ಬೆರಳಿಗೆ ತಿಳಿಯುತ್ತದೆ. ಹೋದ ವಾರ ನಾವು ಹೋದಾಗ, ಸೊಸೆ ಆರಿಸಿದ್ದರಲ್ಲಿ ಎರಡು ಹರಳು ತೆಗೆದು ಅವರಿಗೇ ತೋರಿಸುತ್ತಿದ್ದರು.