ಕರುವಿನ ಪಕ್ಷ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳಿಂದ ದಯಮಾಡಿಸಿರುವ ತಮ್ಮೆದುರು ಧರ್ಮಸಂಕಟದ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಇಂಗ್ಲೆಂಡಿನ ವಿದುಷಿ ಫಿಲಿಪ್ಪಾ ಫೂಟ್ ಅವರು 1967ರಲ್ಲಿ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಹಿಡಿತ ತಪ್ಪಿದ ಟ್ರಾಮ್ ಗಾಡಿಯ ಎದುರು ಹಳಿಯ ಮೇಲೆ ಐವರು. ಪಕ್ಕದ ಹಳಿಯ ಮೇಲೆ ಒಬ್ಬನು. ಚಾಲಕನು ಗಾಡಿಯನ್ನು ಯಾವ ಕಡೆಗೆ ತಿರುಗಿಸಬೇಕು? ಐವರನ್ನು ಉಳಿಸಬೇಕೆಂದು ಹಲವರು ತಟ್ಟನೆ ತೀರ್ಪು ಕೊಡುವರು. ಆ ಒಬ್ಬನನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಗೋವಿನ ಹಾಡು ಇದಕ್ಕಿಂತ ಸೂಕ್ಷ್ಮವಾದುದು. ಪುಣ್ಯಕೋಟಿಯ ಸತ್ಯವನ್ನು ಎಲ್ಲರೂ ಕೊಂಡಾಡುವೆವು. ವಕೀಲನಾದ ನನ್ನ ಕಣ್ಣು ಕರುವಿನ ಮೇಲೆ ನಿಲ್ಲುವುದು. ಕರಾರು ನಡೆದದ್ದು ಹುಲಿಗೂ ಹಸುವಿಗೂ. ಕರುವು ಯಾರಿಗೂ ಮಾತು ಕೊಟ್ಟಿರಲಿಲ್ಲ. ತಬ್ಬಲಿಯಾಗಬೇಕಾದದ್ದು ಮಾತ್ರ ಅದು. ಇದನ್ನರಿತ ತಾಯಿಯು ಹುಲಿಯ ಬಳಿಗೆ ಮರಳುವ ಮುನ್ನ ಕರುವನ್ನು ಉಳಿದ ಹಸುಗಳ ವಶಕ್ಕೆ ಒಪ್ಪಿಸಿದಳು.

ಈಗ ನಮ್ಮ ಪಾವಗಡವನ್ನು ನೋಡೋಣ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವಿದೆ. ಅದರ ಉದ್ಘಾಟನೆಯು 2018ರಲ್ಲಿ ಜರುಗಿತು. ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಮಳೆಯನ್ನು ನಂಬಿ ಕೆಟ್ಟವನಿಗೆ ಇದು ನಿಶ್ಚಯವಾದ ವರಮಾನ. ನಾಡಿಗೆ ಹೊಗೆಯಿಲ್ಲದ ಬೆಳಕು. ಇದನ್ನು ಅಧರ್ಮವೆನ್ನಲು ನಾನು ಸಿದ್ಧನಿಲ್ಲ.

ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಕುರಿ ಮೇಯಿಸಿ ಜೀವಿಸುತ್ತಿದ್ದ ಭೂಹೀನನು ಗುತ್ತಿಗೆಯ ಕಕ್ಷಿದಾರನಲ್ಲ. ಅವನಿಗೆ ಗುತ್ತಿಗೆಯ ಹಣವಿಲ್ಲ, ಕೂಲಿಯೂ ಹೋಯಿತು. ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ದೊರೆತದ್ದುಂಟು; ಎಲ್ಲರಿಗೂ ದೊರೆಯಲಿಲ್ಲ. ಹಳಿಯ ಮೇಲೆ ಒಂಟಿಯಾಗಿ ನಿಂತವನು ಇವನೇ.

ಬೆಳಕೇ ಬೇಡವೆಂದರೆ ರೈತನಿಗೆ ಅನ್ಯಾಯ. ಬಹುಜನಹಿತವೆಂದು ಇವನನ್ನು ಲೆಕ್ಕದಿಂದ ಕಳೆದರೆ ಮನುಷ್ಯತ್ವಕ್ಕೆ ಅನ್ಯಾಯ. ಪುಣ್ಯಕೋಟಿಯು ಮಾತನ್ನೂ ಮುರಿಯಲಿಲ್ಲ, ಕರುವನ್ನೂ ಮರೆಯಲಿಲ್ಲ. ಅದೇ ನಮಗೆ ದಾರಿ: ಭೂಮಿಯ ಫಲದಲ್ಲಿ ಒಡೆಯನಿಗೆ ಗುತ್ತಿಗೆಯಿರುವಂತೆ, ಅಲ್ಲಿ ದುಡಿದವನಿಗೂ ಒಂದು ಪಾಲು ಬರೆದಿರಬೇಕು.

ನಾನೂ ಎಷ್ಟೋ ಕರಾರುಪತ್ರಗಳನ್ನು ಬರೆದುಕೊಟ್ಟಿದ್ದೇನೆ. ಕಕ್ಷಿದಾರರ ಹೆಸರು, ಚಕ್ಕುಬಂದಿ, ಸಾಕ್ಷಿಗಳ ರುಜು ಇವೆಲ್ಲವನ್ನೂ ವಿಚಾರಿಸಿದೆ. ಹೊರಗೆ ಜಗಲಿಯ ಮೇಲೆ ಕುಳಿತವನನ್ನು ವಿಚಾರಿಸಲಿಲ್ಲ. ಆ ತಪ್ಪನ್ನು ಇಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ತಾವು ಯಾವ ಪತ್ರಕ್ಕೆ ರುಜು ಹಾಕುವುದಿದ್ದರೂ, ಕರುವನ್ನು ಯಾರ ವಶಕ್ಕೆ ಒಪ್ಪಿಸಿದೆವೆಂದು ಒಮ್ಮೆ ಕೇಳಿಕೊಳ್ಳಬೇಕೆಂದು ಪ್ರಾರ್ಥಿಸಿ ವಿರಮಿಸುವೆನು.